ಅಯ್ಯನವರ ಪ್ರಾರ್ಥನೆಯಲ್ಲಿ ಕುಕ್ಕರ್ ಕೂಗಿದ ಬೇಸಿಗೆ

ಮೊನ್ನೆ ನೆಗಡಿ ಹಿಡಿದು, ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ, ತಲೆಗೆ ಟವೆಲ್ ಮುಸುಕು ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದೆ. ಕಟ್ಟಿದ ಮೂಗು ಬಿಟ್ಟು ಆ ವಾಸನೆ ಒಳಗೆ ಹೋದದ್ದೇ ತಡ, ಕೊರೊನಾ ಎರಡನೇ ಸಲ ಬಂದ ಆ ಬೇಸಿಗೆ ಎದುರಿಗೆ ಬಂದು ಕೂತುಬಿಟ್ಟಿತು. ಆಗ ಹೆಬ್ಬಗೋಡಿಯ ನಮ್ಮ ಗಲ್ಲಿಯಲ್ಲಿ ಯಾರ ಮನೆ ಮುಂದೆ ಹೋದರೂ ಇದೇ ವಾಸನೆ. ಎಲ್ಲಿ ಸ್ವಲ್ಪ ಜಾಸ್ತಿ ಬರುತ್ತದೋ ಅಲ್ಲಿ ನಾನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಈ ಮನೆಯಲ್ಲಿ ಯಾರಿಗೋ ಬಂದಿದೆ, ಬಾಯಿಬಿಡುತ್ತಿಲ್ಲ ಎಂದು ಮನಸ್ಸಿನಲ್ಲೇ ಆ ಬಾಗಿಲಿಗೊಂದು ಗುರುತು ಹಾಕುತ್ತಿದ್ದೆ.

ನನ್ನ ಸ್ವಭಾವವೇ ಅಂಥದ್ದು. ಎಲೆಕ್ಟ್ರಾನಿಕ್ ಸಿಟಿಯ ಸ್ವಿಚ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಕೂದಲು ಬೆಳ್ಳಗಾಗುವವರೆಗೂ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತವಳು. ಲೈನಿನ ಹುಡುಗಿಯರು 'ಎಲ್ಲಾ ಚೆನ್ನಾಗಿದೆ ಅಕ್ಕ' ಎಂದು ಕಳಿಸಿದ ಪೆಟ್ಟಿಗೆಯನ್ನೇ ನಾನು ಮೊದಲು ಬಿಚ್ಚುತ್ತಿದ್ದದ್ದು. ರಿಟೈರ್ ಆದ ಮೇಲೆ ಬಿಚ್ಚಲು ಪೆಟ್ಟಿಗೆಗಳಿಲ್ಲ, ಮನುಷ್ಯರಿದ್ದಾರೆ. ನಮ್ಮ ಕ್ರೈಸ್ತ ಸಭೆಯಲ್ಲಿ ನನ್ನನ್ನು ಎದುರಿಗೆ ಎಸ್ತೇರಕ್ಕ ಎನ್ನುತ್ತಾರೆ, ಹಿಂದಿನಿಂದ ಪೊಲೀಸಕ್ಕ ಎನ್ನುತ್ತಾರೆ ಎಂಬುದೂ ನನಗೆ ಗೊತ್ತು.

ಸಭೆ ಎಂದರೆ ದೊಡ್ಡ ದೇವಾಲಯವಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡು. ಬರುವವರು ಗಾರ್ಮೆಂಟ್ಸಿನ ಹೆಂಗಸರು, ಸೆಕ್ಯೂರಿಟಿ ಗಾರ್ಡುಗಳು, ನನ್ನಂಥ ಹಳೇ ಫ್ಯಾಕ್ಟರಿ ಜನ. ಲಾಕ್‌ಡೌನ್ ಆಗಿ ಆ ಹಾಲ್‌ಗೆ ಬೀಗ ಬಿದ್ದಾಗ, ಮನೆಯಿಂದ ಆರಾಧನೆಯನ್ನು ವಿಡಿಯೋದಲ್ಲಿ ತೋರಿಸೋಣ ಎಂದು ಯಾರೋ ಅಂದರು. 'ಅರ್ಧ ಜನರ ಹತ್ತಿರ ಇರೋದು ಬಟನ್ ಫೋನು. ಅವರೇನು ನೋಡ್ತಾರೆ?' ಎಂದು ಕೇಳಿ, ನಾವು ಅಯ್ಯನವರು ಎಂದು ಕರೆಯುವ ನಮ್ಮ ಪಾಸ್ಟರು ಬೇರೆ ದಾರಿ ಹುಡುಕಿದರು. ದಿನಾ ಸಂಜೆ ಎಲ್ಲರೂ ಒಂದು ನಂಬರಿಗೆ ಫೋನ್ ಮಾಡಬೇಕು, ಒಂದೇ ಲೈನಿನಲ್ಲಿ ಎಲ್ಲರೂ ಸೇರುತ್ತೇವೆ, ಸ್ಟಾರ್ ಒತ್ತಿ ಆರು ಒತ್ತಿದರೆ ನಮ್ಮ ಸದ್ದು ನಿಲ್ಲುತ್ತದೆ, ಅಯ್ಯನವರ ಪ್ರಾರ್ಥನೆ ಮಾತ್ರ ಕೇಳಿಸುತ್ತದೆ. ಮಾತಾಡಬೇಕಾದವರು ಅದನ್ನೇ ಮತ್ತೆ ಒತ್ತಬೇಕು.

ನಮ್ಮ ಅಯ್ಯನವರಲ್ಲಿ ಒಂದು ಪದ್ಧತಿ ಇತ್ತು. ಹೆಸರು ಹಿಡಿದು ಪ್ರಾರ್ಥಿಸುವುದು. 'ಕಾಯಿಲೆಯವರನ್ನು ಗುಣಪಡಿಸು' ಎಂದು ಸಾರಾಸಗಟಾಗಿ ಕೇಳಿ ಮುಗಿಸುವವರಲ್ಲ. ಇಂಥವರ ಮಂಡಿನೋವು, ಇಂಥವರ ಮಗಳ ಹೆರಿಗೆ, ಎಸ್ತೇರಕ್ಕನ ರಕ್ತದೊತ್ತಡ ಎಂದು ಒಬ್ಬೊಬ್ಬರನ್ನೇ ದೇವರ ಮುಂದೆ ತಂದು ನಿಲ್ಲಿಸುತ್ತಿದ್ದರು. ತಮ್ಮ ಹೆಸರು ಬರುವವರೆಗೆ ಜನ ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ. ನಾನೂ ತೆಗೆಯುತ್ತಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೇಗಿದ್ದೀರಿ ಎಂದು ಹೇಳಬೇಕು. 'ಕರ್ತನ ಕೃಪೆಯಿಂದ ಚೆನ್ನಾಗಿದ್ದೀವಿ ಅಯ್ಯನವರೇ.' ಎಲ್ಲರದೂ ಇದೇ ಉತ್ತರ. ಮೈ ಸುಡುತ್ತಿದ್ದರೂ ಇದೇ, ಗಂಡನ ಕೆಲಸ ಹೋಗಿದ್ದರೂ ಇದೇ. ಬೇರೆ ಏನಾದರೂ ಅಂದರೆ ವಿಶ್ವಾಸ ಕಡಿಮೆ ಎಂದುಕೊಳ್ಳುತ್ತಾರೆ ಎಂಬ ಭಯ ಒಂದು. ಓನರ್ ಕಿವಿಗೆ ಬಿದ್ದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಭಯ ಇನ್ನೊಂದು. ನಾನು ಫೋನಿನಲ್ಲೇ ಕೆಮ್ಮು ಎಣಿಸುತ್ತಾ ಕೂತಿರುತ್ತಿದ್ದೆ.

ನನಗೆ ಅಯ್ಯನವರು ಒಪ್ಪಿಸಿದ್ದು ಶಾಂತಮ್ಮನ ಮನೆಯನ್ನು. ಒಂದೊಂದು ಮನೆಯವರು ಇನ್ನೊಂದು ಮನೆಯವರನ್ನು ಫೋನಿನಲ್ಲಿ ವಿಚಾರಿಸಿಕೊಳ್ಳಬೇಕೆಂದು ಅವರೇ ಹಂಚಿದ್ದರು. ಶಾಂತಮ್ಮ ಗಾರ್ಮೆಂಟ್ಸಿನ ಟೈಲರ್, ಗಂಡ ಗಾರ್ಡ್ ಕೆಲಸ. ಜೊತೆಗೆ ಅತ್ತೆ ಮರಿಯಮ್ಮಜ್ಜಿ. ಒಂದು ದಿನ ಫೋನ್ ಮಾಡಿದರೆ ಶಾಂತಮ್ಮ ಎಂದಿನಂತೆ ಕರ್ತನ ಕೃಪೆ ಅಂದಳು. ಹಿಂದಿನಿಂದ ಒಂದು ಕೆಮ್ಮು ಬಂತು, ಆಳದಿಂದ.

'ಯಾರು ಕೆಮ್ಮಿದ್ದು?'

'ಟಿವಿ ಅಕ್ಕ.'

'ಶಾಂತಾ, ನನ್ನ ಹತ್ರ ಬೇಡ.'

ಹುಡುಗಿ ಅತ್ತುಬಿಟ್ಟಳು. 'ಅತ್ತೆಗೆ ಉಸಿರಾಡಕ್ಕೆ ಕಷ್ಟ ಆಗ್ತಿದೆ ಅಕ್ಕ. ಎರಡು ಆಸ್ಪತ್ರೆ ಸುತ್ತಿ ಬಂದ್ವಿ, ಬೆಡ್ ಇಲ್ಲ ಅಂದ್ಬಿಟ್ರು. ಅವ್ರಿಗೆ ಒಂದೇ ಆಸೆ. ಅಯ್ಯನವರು ಅವ್ರ ಹೆಸರು ತಗೊಂಡು ಪ್ರಾರ್ಥನೆ ಮಾಡ್ಬೇಕಂತೆ. ಬೇರೆ ಏನೂ ಕೇಳ್ತಿಲ್ಲ.'

ಇದೇನು ಮಹಾ ಎಂದು ತಕ್ಷಣ ಅಯ್ಯನವರ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ, ನಾವು ಅಮ್ಮನವರು ಎನ್ನುವ ಗ್ರೇಸಮ್ಮ. 'ಅಯ್ಯನವರು ಉಪವಾಸ ಪ್ರಾರ್ಥನೆಗೆ ಕೂತಿದ್ದಾರೆ ಅಕ್ಕ, ಸಂಜೆ ಪ್ರಾರ್ಥನೆ ಬಿಟ್ರೆ ಯಾರ ಹತ್ರಾನೂ ಮಾತಾಡ್ತಿಲ್ಲ. ನಾನು ಹೇಳ್ತೀನಿ' ಅಂದರು. ಉಪವಾಸ ಪ್ರಾರ್ಥನೆ ಎಂದ ಮೇಲೆ ಮುಗಿಯಿತು, ನಮ್ಮ ಜನ ಅದಕ್ಕೆ ಎದುರು ಮಾತಾಡುವುದಿಲ್ಲ. ಕೆಲವು ದಿನಗಳಿಂದ ಪ್ರಾರ್ಥನೆ ಆದ ಮೇಲೆ ನಮ್ಮ ಕ್ಷೇಮ ಕೇಳುತ್ತಿದ್ದವರೂ ಅಮ್ಮನವರೇ. ಸಂಜೆ ಅಯ್ಯನವರ ಪ್ರಾರ್ಥನೆ ಬಂತು. ಮೊದಲೇ ಕೇಳಿಕೊಂಡಿದ್ದವರ ಹೆಸರೆಲ್ಲ ಬಂತು. ಮರಿಯಮ್ಮಜ್ಜಿಯ ಹೆಸರು ಬರಲಿಲ್ಲ. ಮರೆತಿರಬಹುದು ಎಂದುಕೊಂಡೆ. ಮಾರನೆಯ ದಿನ ಮತ್ತೆ ಹೇಳಿದೆ, ಮತ್ತೆ ಬರಲಿಲ್ಲ. 'ಅತ್ತೆ ಫೋನ್ ಕಿವಿಗೆ ಒತ್ಕೊಂಡೇ ಮಲಗಿದ್ರು ಅಕ್ಕ' ಎಂದಳು ಶಾಂತಮ್ಮ. ನನಗೆ ಮೈಯೆಲ್ಲ ಉರಿಯಿತು.

ಅವತ್ತಿನಿಂದ ಪ್ರಾರ್ಥನೆ ಕೇಳುವುದು ಬಿಟ್ಟು ಅದನ್ನು ಪರೀಕ್ಷಿಸಲು ಕೂತೆ. ಅಯ್ಯನವರು 'ನಮ್ಮ ಮನೆಗಳ ಬಾಗಿಲುಗಳನ್ನು ಕಾಯಿ ಕರ್ತನೇ' ಎನ್ನುವಷ್ಟರಲ್ಲಿ ಅವರ ಮನೆಯ ಕುಕ್ಕರ್ ಕೂಗಿತು. ಅವರು ಮಾತು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, 'ನಮ್ಮ ಕಿಟಕಿಗಳನ್ನೂ ಕಾಯಿ' ಎಂದರು. ಇದೇ ಕುಕ್ಕರ್ ಇದೇ ಮಾತಿನ ಮೇಲೆ ಹಿಂದಿನ ವಾರವೂ ಕೂಗಿತ್ತಲ್ಲ! ಆಗ ನಾನು, ಅಮ್ಮನವರು ಪ್ರಾರ್ಥನೆ ಹೊತ್ತಿಗೂ ಬೇಳೆ ಇಡುತ್ತಾರಲ್ಲ ಎಂದು ಗೊಣಗಿದ್ದೆ. ಅದಕ್ಕೇ ನೆನಪಿತ್ತು. ಇಷ್ಟಕ್ಕೇ ನಾನು ಯಾವ ಮಾಲನ್ನೂ ರಿಜೆಕ್ಟ್ ಮಾಡುವವಳಲ್ಲ. ಮಾರನೆಯ ಸಂಜೆ ಕಾದೆ. ಹಿಂದಿನ ವಾರ ಒಂದು ದಿನ ಕೀರ್ತನೆಯ ನಡುವೆ ಈರುಳ್ಳಿ ಗಾಡಿಯ ಸ್ಪೀಕರ್ ಕೂಗಿಕೊಂಡು ಹೋಗಿತ್ತು. ಈಗ ಮತ್ತೆ ಅದೇ ಕೀರ್ತನೆ ಶುರುವಾಯಿತು. 'ಈಗ ಈರುಳ್ಳಿ ಬರುತ್ತೆ ನೋಡು' ಎಂದು ಗೋಡೆಗೆ ಹೇಳಿದೆ. ಬಂತು.

ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಇದು ಮೊದಲೇ ಹಿಡಿದಿಟ್ಟ ಧ್ವನಿ. ಮನುಷ್ಯ ಮನೆಯಲ್ಲಿಲ್ಲ. ಎಲ್ಲಿಗೆ ಹೋಗಿರುತ್ತಾರೆ? ಕೊಳ್ಳೇಗಾಲದ ಕಡೆ ಊರು, ಅಲ್ಲಿ ಗಾಳಿ ಚೆನ್ನಾಗಿದೆ, ಅಣ್ಣತಮ್ಮಂದಿರಿದ್ದಾರೆ. ನಮ್ಮನ್ನೆಲ್ಲ ಒಂದು ಫೋನಿಗೆ ಕಟ್ಟಿಹಾಕಿ, ಅಯ್ಯನವರು ಗಂಟುಮೂಟೆ ಕಟ್ಟಿದ್ದಾರೆ. ಇಲ್ಲೊಬ್ಬಳು ಮುದುಕಿ ಕಿವಿಗೆ ಫೋನ್ ಒತ್ತಿಕೊಂಡು ಉಸಿರಿಗೆ ಒದ್ದಾಡುತ್ತಿದ್ದಾಳೆ! ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಯಾರಿಗೂ ಹೇಳಲಿಲ್ಲ. ಕೈಯಲ್ಲಿ ಹಿಡಿದು ತೋರಿಸದೆ ಮಾತಾಡುವುದು ನನ್ನ ಪದ್ಧತಿಯಲ್ಲ.

ಬೆಳಿಗ್ಗೆ ಹಾಲು ತರಕಾರಿಗೆ ಬಿಡುವ ಹೊತ್ತಿನಲ್ಲಿ, ಖಾಲಿ ಚೀಲ ಹಿಡಿದು, ಮಾಸ್ಕಿನ ಮೇಲೊಂದು ಮಾಸ್ಕ್ ಹಾಕಿ ಹೊರಟೆ. ಹೊಸೂರು ರಸ್ತೆ ಬಿಕೋ ಎನ್ನುತ್ತಿತ್ತು. ಸೈರನ್ ಹಾಕಿಕೊಂಡು ಒಂದು ಆಂಬುಲೆನ್ಸ್ ಹೋದರೆ ಇನ್ನೊಂದು ಬರುತ್ತಿತ್ತು. ಅಯ್ಯನವರ ಬಾಡಿಗೆ ಮನೆ ಮುನಿರಾಜಪ್ಪನವರ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಅವರು ಹಳೇ ಊರಿನ ಗೌಡರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದವರು ನನ್ನನ್ನು ಅಲ್ಲೇ ತಡೆದರು.

'ಯಾರಮ್ಮ? ಎಲ್ಲಿಂದ ಬಂದ್ರಿ? ಜ್ವರಗಿರ ಏನಾರ ಐತಾ?'

ನನಗಿಂತ ದೊಡ್ಡ ಪೊಲೀಸು ಸಿಕ್ಕಿದ ಹಾಗಾಯಿತು. ಅಯ್ಯನವರನ್ನು ನೋಡಬೇಕು ಎಂದೆ.

'ಮ್ಯಾಲವ್ರೆ. ಕೆಳಕ್ಕೇ ಇಳ್ದಿಲ್ಲ. ಆದ್ರೆ ಸಂಜಿಕೆ ಪ್ರಾರ್ಥನೆ ಮಾಡಾದು ದಿನಾ ಕೇಳ್ತೈತೆ ಕಣಮ್ಮ, ಗಟ್ಟಿ ಗಂಟ್ಲು.'

'ಅವರ ಸ್ಕೂಟರ್ ಕಾಣಲ್ವಲ್ಲ?'

'ಸರ್ವೀಸಿಗೆ ಬುಟ್ಟವ್ರಂತೆ.'

ಊರಿನ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿರುವಾಗ ಯಾವ ಸರ್ವೀಸು? ಆ ಪ್ರಶ್ನೆ ಅವರಿಗೂ ಹೊಳೆದಿರಬೇಕು. ಇಬ್ಬರೂ ಮಾಸ್ಕಿನ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಾನು ಮತ್ತೆ ಮಾತಿಗೆ ನಿಲ್ಲದೆ ಮೆಟ್ಟಿಲು ಹತ್ತಿದೆ.

ಗ್ರೇಸಮ್ಮ ಬಾಗಿಲು ತೆಗೆಯಲಿಲ್ಲ. ಪಕ್ಕದ ಕಿಟಕಿಗೆ ಬಂದರು. ಕೆದರಿದ ಕೂದಲು, ಕುಗ್ಗಿದ ಮುಖ, ಹೆಗಲ ಮೇಲೆ ಒದ್ದೆ ಟವೆಲ್. ಒಳಗಿನಿಂದ ನೀಲಗಿರಿ ಎಣ್ಣೆಯ ವಾಸನೆ ಗಪ್ಪೆಂದು ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಆದರೆ ಕೇಳಬೇಕೆಂದು ಬಂದದ್ದನ್ನು ಬಿಡಲಿಲ್ಲ.

'ಅಮ್ಮನವರೇ, ಅಯ್ಯನವರು ಯಾವಾಗ ಊರಿಗೆ ಹೋದ್ರು?'

ಅವರು ಬೆರಳು ತುಟಿಗಿಟ್ಟು ಕೆಳಗಿನ ಗೇಟಿನ ಕಡೆ ಕಣ್ಣು ತೋರಿಸಿದರು. ಆಮೇಲೆ ಉಸಿರಿನಲ್ಲೇ ಹೇಳಿದರು. 'ಊರಿಗಲ್ಲ ಅಕ್ಕ. ಆಸ್ಪತ್ರೇಲಿ ಇದ್ದಾರೆ. ಆಕ್ಸಿಜನ್ ಹಾಕಿದ್ದಾರೆ.'

ಜ್ವರ ಬಂದದ್ದು ಮೊದಲು ಅಯ್ಯನವರಿಗೇ. ಉಸಿರು ಹಿಡಿಯುವುದಕ್ಕೆ ಶುರುವಾಗುವ ಮುಂಚೆ, ಇನ್ನೂ ಗಂಟಲು ಗಟ್ಟಿಯಿದ್ದಾಗಲೇ, ಒಂದು ಇಡೀ ದಿನ ಕೂತು ವಾರಕ್ಕಾಗುವಷ್ಟು ಪ್ರಾರ್ಥನೆಗಳನ್ನು ಫೋನಿನಲ್ಲಿ ಹಿಡಿದಿಟ್ಟರಂತೆ. ಹಾಗೆ ಕೂತಾಗ ಗ್ರೇಸಮ್ಮ ಒಲೆಯ ಮೇಲೆ ಬೇಳೆ ಇಟ್ಟಿದ್ದರು. ಅಯ್ಯನವರೇ ಆಸ್ಪತ್ರೆ ಸೇರಿದರೆಂದು ಗೊತ್ತಾದರೆ ನಮ್ಮ ಜನ ಹೆದರಿ ಊರೂರಿಗೆ ಓಡುತ್ತಾರೆ, ಕಾಯಿಲೆಯನ್ನೂ ಹೊತ್ತುಕೊಂಡು ಹೋಗುತ್ತಾರೆ, ಸಭೆ ಚೆಲ್ಲಾಪಿಲ್ಲಿಯಾಗುತ್ತದೆ ಎಂಬುದು ಅವರ ಚಿಂತೆ. ಮುನಿರಾಜಪ್ಪನವರು ನೋಡಿದರೆ ಮನೆ ಬಿಡಿಸುತ್ತಾರೆ ಎಂದು ಆಂಬುಲೆನ್ಸ್ ಕರೆಸದೆ, ಅಷ್ಟು ಜ್ವರದಲ್ಲಿ ತಾವೇ ಸ್ಕೂಟರ್ ಓಡಿಸಿಕೊಂಡು ಹೋಗಿ ಸೇರಿದರಂತೆ. ಸ್ಕೂಟರ್ ಈಗಲೂ ಆಸ್ಪತ್ರೆಯ ಮುಂದೆ ಬಿಸಿಲಿನಲ್ಲಿ ನಿಂತಿದೆ.

'ಒಂದು ವಾರದಲ್ಲಿ ಬಂದ್ಬಿಡ್ತೀನಿ ಅಂದಿದ್ರು' ಎಂದರು ಗ್ರೇಸಮ್ಮ. 'ಪ್ರಾರ್ಥನೆಗಳು ಮುಗಿದು ಹೋದ್ವು ಅಕ್ಕ, ಅವ್ರು ಬರ್ಲಿಲ್ಲ. ಏನ್ ಮಾಡ್ಲಿ? ಮೊದಲಿಂದ ಹಾಕಕ್ಕೆ ಶುರು ಮಾಡಿದೆ.'

ಮರಿಯಮ್ಮಜ್ಜಿಯ ವಿಷಯ ಆಸ್ಪತ್ರೆಗೆ ತಿಳಿಸಿದ್ದರಂತೆ. ನರ್ಸ್ ಕಿವಿಗೆ ಫೋನ್ ಹಿಡಿದಾಗ ಅಯ್ಯನವರು ತಲೆಯಾಡಿಸಿದರೆಂದು ಆ ನರ್ಸೇ ಹೇಳಿದಳಂತೆ, ಅಷ್ಟೇ. ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ಎಂದು ಆ ಕ್ಷಣದಲ್ಲೂ ಯೋಚಿಸಿದೆ. ನನ್ನ ಬುದ್ಧಿಯೇ ಹಾಗೆ.

'ಹಾಗಾದ್ರೆ ನೀವೇ ಇವತ್ತು ಅಜ್ಜಿ ಹೆಸರು ಹೇಳಿ ಪ್ರಾರ್ಥನೆ ಮಾಡಿ' ಎಂದೆ.

'ನನ್ನ ಪ್ರಾರ್ಥನೆ ಯಾರಿಗೆ ಬೇಕು ಅಕ್ಕ? ಅವ್ರಿಗೆ ಅಯ್ಯನವರು ಬೇಕು.'

ಮಾತು ನಿಜ. ಆದರೆ ನನಗೆ ಈ ಮೋಸದ ಮಾಲನ್ನು ಮುಂದೆ ತಳ್ಳುವುದು ಆಗುತ್ತಿರಲಿಲ್ಲ. 'ಹೆಸರು ಬರಲಿ ಅಂತ ಅಲ್ಲೊಬ್ಬರು ಕಾಯ್ಕೊಂಡು ಮಲಗಿದ್ದಾರೆ. ಇವತ್ತು ನೀವು ಹೇಳ್ಬಿಡಿ ಸಭೆಗೆ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ' ಎಂದೆ. ಅಷ್ಟು ಬಿರುಸಾಗಿ ಹೇಳಿದ ಮೇಲೆ ಚೀಲದಲ್ಲಿ ಕೊಡಲು ಏನೂ ಇಲ್ಲವೆಂದು ನೆನಪಾಗಿ ಸಂಕಟವಾಯಿತು. ಕೆಳಗಿಳಿದು ಹೋಗಿ ಬ್ರೆಡ್ಡು, ಎಳನೀರು ತಂದು ಮೆಟ್ಟಿಲ ಮೇಲಿಟ್ಟು ಬಂದೆ.

ಸಂಜೆ ಎಲ್ಲರೂ ಲೈನಿಗೆ ಬಂದರು. ನಾನು ಗ್ರೇಸಮ್ಮ ಏನು ಮಾಡುತ್ತಾರೋ ಎಂದು ಉಗುರು ಕಚ್ಚುತ್ತಾ ಕೂತಿದ್ದೆ. ಪ್ರಾರ್ಥನೆಯ ಬದಲು ಅವರ ಧ್ವನಿ ಬಂತು. 'ಅಯ್ಯನವರು ಆಸ್ಪತ್ರೇಲಿ ಇದ್ದಾರೆ. ಇಷ್ಟು ದಿನ ನೀವು ಕೇಳ್ತಿದ್ದಿದ್ದು ರೆಕಾರ್ಡಿಂಗು. ನನ್ನನ್ನ ಕ್ಷಮಿಸಿ.'

ಒಬ್ಬೊಬ್ಬರಾಗಿ ಫೋನ್ ಇಡುತ್ತಾರೆ ಎಂದು ನಾನು ಕಾದೆ. ಈಗ ಸಭೆ ಮುರಿದುಬಿತ್ತು, ಅದಕ್ಕೆ ಕಾರಣ ನಾನು ಎಂದುಕೊಂಡೆ. ಟುಕ್ ಎಂದು ಒಂದು ಸದ್ದಾಯಿತು. ಯಾರೋ ಸ್ಟಾರ್ ಮತ್ತು ಆರು ಒತ್ತಿದ್ದರು. ಏದುಸಿರಿನ ನಡುವೆ ಒಂದು ಮುದಿ ಧ್ವನಿ ಕೇಳಿಸಿತು.

'ಅಮ್ನೋರೇ, ಮರಿಯಮ್ಮ ಕಣವ್ವ ನಾನು. ಅಯ್ನೋರ್ಗೋಸ್ಕರ ಪ್ರಾರ್ಥನೆ ಮಾಡ್ಬೇಕು. ಅವ್ರ ಎಸ್ರೇನು ತಾಯಿ?'

ಆಗ ನನಗೆ ಹೊಳೆಯಿತು. ನನಗೂ ಗೊತ್ತಿರಲಿಲ್ಲ! ನಮ್ಮೆಲ್ಲರ ಹೆಸರನ್ನೂ ಮಂಡಿನೋವಿನ ಸಮೇತ ದಿನಾ ದೇವರಿಗೆ ಒಪ್ಪಿಸುತ್ತಿದ್ದವರನ್ನು ನಾವು ಫೋನಿನಲ್ಲೂ 'ಅಯ್ಯನವರು' ಎಂದೇ ಇಟ್ಟುಕೊಂಡಿದ್ದೆವು. ಎಲ್ಲದರ ಬುಡ ಕೆದಕುವ ನಾನು ಅದೊಂದನ್ನು ಕೇಳಿರಲಿಲ್ಲ. ಗ್ರೇಸಮ್ಮ 'ಇವ್ರು... ಇವ್ರು...' ಎಂದು ತಡವರಿಸಿದರು. ಅವರು ಹಳೇ ಕಾಲದ ಮನೆಯ ಹೆಣ್ಣುಮಗಳು. ಗಂಡನನ್ನು ನಮ್ಮೆದುರಿಗೆ ಅಯ್ಯನವರು ಎಂದೋ, 'ಇವ್ರು' ಎಂದೋ ಕರೆದದ್ದು ಬಿಟ್ಟರೆ ಹೆಸರು ಹೇಳಿದ್ದನ್ನು ಯಾರೂ ಕೇಳಿಲ್ಲ.

'ಎಸ್ರು ಯೋಳಿ ತಾಯಿ. ಎಸ್ರಿಲ್ದೆ ಎಂಗ್ ಕೇಳ್ಲಿ?'

'ಪುಟ್ಟರಾಜು' ಎಂದರು ಗ್ರೇಸಮ್ಮ. ಹೇಳಿ ಅತ್ತುಬಿಟ್ಟರು.

ಬೇರೆ ದಿನವಾಗಿದ್ದರೆ ಅಷ್ಟು ಎತ್ತರದ, ಅಷ್ಟು ಗಂಭೀರ ಮನುಷ್ಯನಿಗೆ ಈ ಹೆಸರೇ ಎಂದು ನಾವು ನಕ್ಕಿರುತ್ತಿದ್ದೆವು. ಅಜ್ಜಿ ಶುರು ಮಾಡಿದರು. 'ಅಪ್ಪಾ ತಂದೆ, ಪುಟ್ಟರಾಜು ಅಂತ ನಿನ್ ಮಗ ಅವ್ನೆ. ಆಸ್ಪತ್ರೇಲಿ ಮಲ್ಗವ್ನೆ. ಅವ್ನ ಉಸ್ರು ಅವ್ನಿಗ್ ಕೊಡಪ್ಪ...' ಕೆಮ್ಮು ಬಂದು ನಿಂತರು. ಅವರು ನಿಂತಲ್ಲಿಂದ ಇನ್ನೊಬ್ಬರು ಎತ್ತಿಕೊಂಡರು. ಟುಕ್, ಟುಕ್ ಎಂದು ಎಲ್ಲರ ಫೋನಿನ ಬಾಯಿ ಬಿಚ್ಚಿತು. ಯಾರ ಮಾತೂ ಸರಿಯಾಗಿ ಕೇಳದ ಗದ್ದಲದಲ್ಲಿ ಪುಟ್ಟರಾಜು, ಪುಟ್ಟರಾಜು ಎಂಬುದು ಮಾತ್ರ ಕೇಳುತ್ತಿತ್ತು. ಆಮೇಲೆ ಗ್ರೇಸಮ್ಮನೇ ಬಿಕ್ಕುತ್ತಾ ಮರಿಯಮ್ಮಜ್ಜಿಯ ಹೆಸರು ಹಿಡಿದು ಪ್ರಾರ್ಥಿಸಿದರು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವತ್ತಿನಿಂದ ಸಂಜೆಯ ಉತ್ತರಗಳು ಬದಲಾದವು. 'ಕರ್ತನ ಕೃಪೆ ಇದೆ, ಆದ್ರೆ ಜ್ವರಾನೂ ಇದೆ' ಎಂದು ಒಬ್ಬರು ಅಂದರು. ಇನ್ನೊಬ್ಬರು ಅಕ್ಕಿ ಮುಗಿದಿದೆ ಅಂದರು. ಯಾರೂ ಊರಿಗೆ ಓಡಲಿಲ್ಲ. ಮುನಿರಾಜಪ್ಪನವರಿಗೂ ವಿಷಯ ಮುಟ್ಟಿತು. ಮನೆ ಖಾಲಿ ಮಾಡಿಸಲಿಲ್ಲ, ಆದರೆ ಮೆಟ್ಟಿಲಿಗೆ ಎರಡು ಹೊತ್ತೂ ಬ್ಲೀಚಿಂಗ್ ಪೌಡರ್ ಸುರಿದರು. ಅದು ಪ್ರೀತಿಯೋ ಭಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರಿಯಮ್ಮಜ್ಜಿ ಮಾತ್ರ ಉಳಿಯಲಿಲ್ಲ. ಕೊನೆಗೂ ಒಂದು ಬೆಡ್ ಸಿಕ್ಕಿತು, ಸಿಕ್ಕಿದ ಮಾರನೆಯ ದಿನವೇ ಹೋಗಿಬಿಟ್ಟರು. ಮಣ್ಣು ಮಾಡುವಾಗ ಶಾಂತಮ್ಮನ ಗಂಡ ಗುಂಡಿಯ ಪಕ್ಕ ಫೋನ್ ಹಿಡಿದು ನಿಂತ. ಗ್ರೇಸಮ್ಮ ಮನೆಯಿಂದ ಪ್ರಾರ್ಥನೆ ಮಾಡಿದರು. ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಎದ್ದು ನಿಂತು ಕೇಳಿದೆವು.

ಅಯ್ಯನವರು ಮನೆಗೆ ಬಂದಾಗ ಮಳೆ ಶುರುವಾಗಿತ್ತು. ಇನ್ನೂ ಹಾಸಿಗೆಯ ಮೇಲೇ ಇದ್ದರು, ಆದರೂ ಅವತ್ತೇ ಸಂಜೆ ಫೋನಿಗೆ ಬರುತ್ತೇನೆಂದು ಹಟ ಹಿಡಿದರಂತೆ. ಯಾವ ಸಾವಿನ ಸುದ್ದಿಯನ್ನೂ ಈಗಲೇ ಹೇಳಬೇಡಿ ಎಂದು ಡಾಕ್ಟರು ಹೇಳಿದ್ದಾರೆಂದು ಗ್ರೇಸಮ್ಮ ನಮಗೆಲ್ಲ ಮೊದಲೇ ಫೋನ್ ಮಾಡಿ ತಿಳಿಸಿದರು. ಸಂಜೆ ಲೈನಿಗೆ ಬಂದ ಧ್ವನಿ ಕೇಳಿ ನನಗೆ ಮತ್ತೆ ಅನುಮಾನ. ಇದು ಅವರೇ ಹೌದೋ, ಯಾರನ್ನಾದರೂ ಕೂರಿಸಿದ್ದಾರೋ? ಸವೆದುಹೋದ ಗಂಟಲು, ಎರಡು ಮಾತಿಗೊಂದು ಸಲ ಉಸಿರು.

'ಎಸ್ತೇರಕ್ಕ, ಬಿಪಿ ಮಾತ್ರೆ ತಗೊಳ್ತಿದ್ದೀರಾ?' ಎಂದು ಆ ಧ್ವನಿ ಕೇಳಿತು. 'ತಗೊಂಡೆ ಅಂತ ಸುಳ್ಳು ಹೇಳ್ಬೇಡಿ.'

ಅವರೇ. ನಾನು ಸ್ಟಾರ್, ಆರು ಒತ್ತಿ ಹ್ಞೂಂ ಎಂದು, ಮತ್ತೆ ಅದನ್ನೇ ಒತ್ತಿ ಸದ್ದು ನಿಲ್ಲಿಸಿದೆ.

ಅಯ್ಯನವರು ಸ್ವಲ್ಪ ಸುಧಾರಿಸಿಕೊಂಡು ಪ್ರಾರ್ಥನೆಗೆ ಶುರು ಮಾಡಿದರು. ನಮ್ಮ ಹೆಸರುಗಳಿಗಿಂತ ಮೊದಲು ಬೇರೊಂದು ಹೆಸರು ಬಂತು. 'ಮರಿಯಮ್ಮಜ್ಜಿ... ಅಲ್ಲಿ ಮಲಗಿದ್ದಾಗ ದಿನಾ ನಿಮ್ಮ ಹೆಸರು ಹೇಳ್ತಿದ್ದೆ ಅಜ್ಜಿ. ಬಾಯಿ ಬರ್ತಿರ್ಲಿಲ್ಲ, ಮನಸ್ಸಲ್ಲೇ ಹೇಳ್ತಿದ್ದೆ. ಕರ್ತನೇ, ನಿನ್ನ ಮಗಳು ಮರಿಯಮ್ಮನಿಗೆ ಉಸಿರು ಕೊಡು. ಅವರ ಎದೆ ಹಗುರ ಮಾಡು. ಮೊಮ್ಮಕ್ಕಳನ್ನ ನೋಡೋ ಹಾಗೆ ಆಯಸ್ಸು ಕೊಡು.'

ನನ್ನ ಬೆರಳು ಸ್ಟಾರ್ ಬಟನ್ ಮೇಲಿತ್ತು. ಜೀವಮಾನವೆಲ್ಲ ತಪ್ಪು ಕಂಡ ಕೂಡಲೇ ಕೈ ಎತ್ತಿದವಳು ನಾನು. ಅವತ್ತು ಒತ್ತಲಿಲ್ಲ. ಯಾರೂ ಒತ್ತಲಿಲ್ಲ. ಅಯ್ಯನವರು ಮರಿಯಮ್ಮಜ್ಜಿಗಾಗಿ ಬೇಡಿಕೊಳ್ಳುತ್ತಲೇ ಹೋದರು, ಉಸಿರು ಸಾಲದಾದಾಗ ನಿಂತು ಮತ್ತೆ ಮುಂದುವರಿಸಿದರು, ಮುಗಿಸಿದರು. ಒಂದು ಫೋನು ಟುಕ್ ಎಂದಿತು.

'ಆಮೆನ್' ಎಂದಳು ಶಾಂತಮ್ಮ.